ಸುರಂಗದ ನೀರು, ನಿಪ್ಪಲ್ ಪೈಪು, ಕೋಳಿ ಕಾಲಿನ ಹಕ್ಕಳೆ: ನಮ್ಮ ಶೆಡ್ ರಿಪೇರಿಯ ಒಂದು ವರ್ಷ

ಕಳೆದ ವರ್ಷ ಜೂನ್ ಕೊನೆಯ ಒಂದು ಆದಿತ್ಯವಾರ ನಮ್ಮ ಕಾಸರಗೋಡಿನ ಪೆರ್ಲ ಪೇಟೆಯ ಕೋಳಿ ಅಂಗಡಿಯಲ್ಲಿ ನಿಂತಿದ್ದೆ. ಎರಡು ದಿನ ಮೊದಲು ನಮ್ಮ ಶೆಡ್ಡಿನ ಬ್ಯಾಚ್ ಲಿಫ್ಟಿಂಗ್ ಆಗಿತ್ತು, ಅಂದ್ರೆ ಬೆಳೆದ ಕೋಳಿಯನ್ನು ಹಿಡಿದು ಲಾರಿಗೆ ತುಂಬಿಸಿದ್ರು, ಅದ್ರಲ್ಲಿ ಐವತ್ತು ಕೋಳಿ ಈ ಅಂಗಡಿಗೇ ಬಂದದ್ದು. ಅಂಗಡಿ ಕಾಕ ಕತ್ತರಿಸಿದ ಕಾಲನ್ನೆಲ್ಲ ಒಂದು ಬಕೆಟಿಗೆ ಹಾಕ್ತಾ ಇದ್ರು, ನಾನು ಎಂತಕ್ಕೋ ಬಗ್ಗಿ ನೋಡಿದೆ. ಒಂದು ಕಾಲಿನ ಅಡಿಯಲ್ಲಿ ಕಪ್ಪು ಹಕ್ಕಳೆ. ಮತ್ತೊಂದು ತೆಗ್ದು ನೋಡಿದೆ, ಅದ್ರಲ್ಲೂ ಉಂಟು. ಹತ್ತು ತೆಗ್ದೆ, ಎಂಟರಲ್ಲಿ ಇತ್ತು. "ಮಳೆಗಾಲದಲ್ಲಿ ಎಲ್ಲಾ ಫಾರ್ಮಿನದ್ದೂ ಹೀಗೇ ಮೋನೆ" ಅಂದ್ರು ಕಾಕ. ಮನೆಗೆ ಬಂದು ಅಮ್ಮನಿಗೆ ಹೇಳಿದೆ, ಅಮ್ಮ ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಅದಕ್ಕೇ ಕೊನೆಯ ವಾರ ಅವು ಫೀಡ್ ಹಾಕಿದ್ರೂ ಏಳ್ತಾ ಇರ್ಲಿಲ್ಲ" ಅಂದ್ರು.

ಅವತ್ತಿಂದ ಇವತ್ತಿನವರೆಗೆ ಐದು ಬ್ಯಾಚ್ ಆಯ್ತು. ಒಂದೊಂದು ಬ್ಯಾಚಿನ ಮಧ್ಯ ಸಿಗುವ ಎರಡು ವಾರದ ಗ್ಯಾಪಲ್ಲಿ ಎಂತೆಲ್ಲ ರಿಪೇರಿ ಮಾಡಿದೆ, ಯಾವುದು ಸರಿ ಆಯ್ತು ಯಾವುದು ತಪ್ಪಿತು ಅಂತ ಬರ್ದಿಡ್ತಾ ಇದ್ದೆ, ಅದನ್ನೇ ಇಲ್ಲಿ ಹಾಕ್ತಿದ್ದೇನೆ. ನಮ್ಮ ಕಡೆ ಬದಿಯಡ್ಕ, ಮುಳ್ಳೇರಿಯ, ಅಡ್ಯನಡ್ಕ ಹೀಗೆ ಗುಡ್ಡೆ ಬುಡದಲ್ಲಿ ಶೆಡ್ ಇರುವವರಿಗೆ ನೀರಿನ ವಿಷಯವಂತೂ ಖಂಡಿತ ಉಪಯೋಗಕ್ಕೆ ಬರ್ತದೆ.

ಶೆಡ್ ಬಗ್ಗೆ ಮೊದಲು ಹೇಳ್ತೇನೆ. 100 ಅಡಿ ಉದ್ದ, 20 ಅಡಿ ಅಗಲ, ಪೂರ್ವ ಪಶ್ಚಿಮಕ್ಕೆ ಉದ್ದ. ಬುಡದಲ್ಲಿ ಒಂದಡಿ ಕೆಂಪುಕಲ್ಲಿನ ಗೋಡೆ, ಮೇಲೆ ಮೆಶ್, ಅದಕ್ಕೆ ನೀಲಿ ಟರ್ಪಾಲಿನ ಪರದೆ, ಮಾಡಿಗೆ ಶೀಟ್. ಕಂಪೆನಿಯ ಇಂಟಿಗ್ರೇಷನ್, ಅಂದ್ರೆ ಮರಿ, ಫೀಡ್, ಮದ್ದು ಅವರದ್ದು, ಶೆಡ್ಡು, ನೀರು, ಕರೆಂಟು, ಮೈಕೆಲಸ ನಮ್ಮದು, ಕೊನೆಗೆ ಕಿಲೋ ಲೆಕ್ಕದಲ್ಲಿ ಗ್ರೋಯಿಂಗ್ ಚಾರ್ಜ್. ಒಂದು ಬ್ಯಾಚಿಗೆ 2200 ಮರಿ ಬಿಡ್ತಿದ್ರು. ಅಮ್ಮ ಒಬ್ರೇ ನೋಡ್ಕೊಳ್ತಾ ಇದ್ರು, ನಾನು ಆರು ವರ್ಷ ಗಲ್ಫಲ್ಲಿ ಎಸಿ ಪೈಪಿನ ಕೆಲಸ ಮಾಡಿ ಊರಿಗೆ ಬಂದವ.

ಮೊದಲ ಬ್ಯಾಚ್ ಜುಲೈ ಮಧ್ಯಕ್ಕೆ ಬಂತು, ಆಟಿ ತಿಂಗಳ ಮಳೆ. ನಾನು ಯಾವುದನ್ನೂ ಮುಟ್ಲಿಲ್ಲ, ದಿನಾ ಶೆಡ್ಡಲ್ಲಿ ಕೂತು ನೋಡೋದು ಮಾತ್ರ. ಒಂದು ವಿಷಯ ಬೇಗ ಗೊತ್ತಾಯ್ತು, ನಾವು ನಿಂತುಕೊಂಡು ಮೂಸುವ ಗಾಳಿ ಬೇರೆ, ಕೋಳಿ ಉಸಿರಾಡುವ ಗಾಳಿ ಬೇರೆ. ನಿಂತಾಗ ವಾಸನೆ ಅಷ್ಟಿಲ್ಲ ಅಂತ ಕಾಣ್ತದೆ, ಮಂಡಿ ಊರಿ ಕೋಳಿಯ ಎತ್ತರಕ್ಕೆ ಮುಖ ತಂದ್ರೆ ಎರಡೇ ನಿಮಿಷಕ್ಕೆ ಕಣ್ಣಲ್ಲಿ ನೀರು. ಅಮೋನಿಯ ಹುಟ್ಟೋದೇ ನೆಲದಲ್ಲಿ. ಕೋಳಿ ಹಿಕ್ಕೆಯಲ್ಲಿರುವ ಯೂರಿಕ್ ಆಸಿಡನ್ನು ಬ್ಯಾಕ್ಟೀರಿಯ ಒಡೆದು ಅಮೋನಿಯ ಮಾಡ್ತದೆ, ಆ ಬ್ಯಾಕ್ಟೀರಿಯಕ್ಕೆ ಬೇಕಾದ್ದು ಒದ್ದೆ ಮತ್ತೆ ಬೆಚ್ಚಗೆ, ಎರಡೂ ನಮ್ಮ ಶೆಡ್ಡಲ್ಲಿ ಧಾರಾಳ ಇತ್ತು. ನೆಲಕ್ಕೆ ಹರಡಿದ ಹಾಸು ಒದ್ದೆ ಇದ್ರೆ ಕೋಳಿಯ ಪಾದದ ಚರ್ಮ ಮೆತ್ತಗಾಗ್ತದೆ, ಅದ್ರ ಮೇಲೆ ಈ ಹಿಕ್ಕೆಯ ಖಾರ ಕೂತು ಸುಟ್ಟ ಹಾಗೆ ಆಗ್ತದೆ. ಬಕೆಟಲ್ಲಿ ನೋಡಿದ ಹಕ್ಕಳೆ ಅದೇ. ನೋವಾಗ್ತದೆ ಅಂತ ಕೋಳಿ ನಡೆಯೋದು ಬಿಡ್ತದೆ, ನಡೆಯದೆ ಅಲ್ಲೇ ಕೂತ್ರೆ ಎದೆಗೂ ಕಾಲಿನ ಗಂಟಿಗೂ ಅದೇ ಸುಟ್ಟ ಗಾಯ.

28ನೇ ದಿವಸ ಶೆಡ್ಡಿನ ನಾಲ್ಕು ಮೂಲೆ ಮತ್ತೆ ಮಧ್ಯದಿಂದ ಇಪ್ಪತ್ತಿಪ್ಪತ್ತು ಕೋಳಿ ಹಿಡಿದು ಒಟ್ಟು ನೂರರ ಕಾಲು ನೋಡಿದೆವು, ನಾನು ಹಿಡಿಯೋದು ಅಮ್ಮ ಬರೆಯೋದು. 71ರಲ್ಲಿ ಹಕ್ಕಳೆ.

ಈ ಬ್ಯಾಚಲ್ಲೇ ಒಂದು ತಪ್ಪು ಕೂಡ ಮಾಡಿದೆ. ಒದ್ದೆ ಜಾಗಕ್ಕೆ ಸುಣ್ಣದ ಹುಡಿ ಹಾಕಿದ್ರೆ ಒಣಗ್ತದೆ ಅಂತ ಎಲ್ಲರೂ ಹೇಳೋದು, ನಾನೂ ಎರಡು ಚೀಲ ತಂದು ಕೋಳಿ ಒಳಗಿರುವಾಗಲೇ ಹಾಕಿದೆ. ಅರ್ಧ ಗಂಟೆಯಲ್ಲಿ ಶೆಡ್ಡಲ್ಲಿ ನಿಲ್ಲಲಿಕ್ಕೆ ಆಗ್ಲಿಲ್ಲ. ಸುಣ್ಣ ಕ್ಷಾರ, ಹಾಸಿನ ಕ್ಷಾರ ಏರಿದಷ್ಟೂ ಅದ್ರಲ್ಲಿ ಹಿಡಿದಿಟ್ಟ ಅಮೋನಿಯ ಒಟ್ಟಿಗೇ ಗಾಳಿಗೆ ಬಿಡ್ತದೆ. ಮಳೆಯಲ್ಲೇ ಪರದೆ ಎಲ್ಲ ಎತ್ತಿ ಬಿಟ್ಟೆವು. ಸುಣ್ಣ ಹಾಕುವುದಾದ್ರೆ ಶೆಡ್ ಖಾಲಿ ಇರುವಾಗ ಹಾಕಿ, ಕೋಳಿ ಇರುವಾಗ ಬೇಡ, ದಯವಿಟ್ಟು.

ಇನ್ನು ಒದ್ದೆ ಎಲ್ಲಿಂದ ಬಂತು ಅನ್ನೋದು. ನಾವು ಇಷ್ಟು ವರ್ಷ ಮಳೆ ಎರಚಲು ಅಂತಲೇ ತಿಳ್ಕೊಂಡಿದ್ದೆವು. ಆದ್ರೆ ಒದ್ದೆ ಇದ್ದದ್ದು ಮೆಶ್ಶಿನ ಬದಿಯಲ್ಲಿ ಅಲ್ಲ, ಎರಡು ನಿಪ್ಪಲ್ ಲೈನಿನ (ಕೋಳಿ ಕೊಕ್ಕಲ್ಲಿ ಪಿನ್ ಒತ್ತಿ ನೀರು ಕುಡಿಯುವ ಪೈಪಿನ) ಅಡಿಯಲ್ಲಿ, ಉದ್ದಕ್ಕೆ ರಸ್ತೆ ಹಾಕಿದ ಹಾಗೆ ಎರಡು ಪಟ್ಟಿ. ನಮ್ಮ ನೀರು ಸುರಂಗದ್ದು. ಕಾಸರಗೋಡಿನವರಿಗೆ ಹೇಳ್ಬೇಕಿಲ್ಲ, ಹೊರಗಿನವರಿಗೆ ಹೇಳುವುದಾದ್ರೆ ಕೆಂಪುಕಲ್ಲಿನ ಗುಡ್ಡೆಗೆ ಅಡ್ಡಕ್ಕೆ ಕೊರೆದ ಬಾವಿ ಅದು, ಒರತೆಯ ನೀರು ಪಂಪ್ ಇಲ್ಲದೆ ತನ್ನಷ್ಟಕ್ಕೇ ಹರಿದು ಬರ್ತದೆ. ನಮ್ಮದು ಅಜ್ಜ ತೋಡಿಸಿದ್ದು. ಸುರಂಗದ ಬಾಯಿಗೆ ಟ್ಯಾಂಕಿ, ಟ್ಯಾಂಕಿಯಿಂದ ನೇರ ಪೈಪು ಶೆಡ್ಡಿನ ನಿಪ್ಪಲ್ ಲೈನಿಗೆ. ಟೇಪು ಹಿಡಿದು ಅಳೆದೆ, ಟ್ಯಾಂಕಿಯ ನೀರು ನಿಪ್ಪಲಿಗಿಂತ 18 ಅಡಿ ಎತ್ತರದಲ್ಲಿ ಉಂಟು, ಅಂದ್ರೆ ಐದೂವರೆ ಮೀಟರ್. ನಿಪ್ಪಲಿಗೆ ಬೇಕಾದ ಒತ್ತಡ ಎಷ್ಟು ಗೊತ್ತುಂಟಾ, ಸಣ್ಣ ಮರಿಗೆ 10-15 ಸೆಂಟಿಮೀಟರ್ ನೀರಿನ ಎತ್ತರ, ದೊಡ್ಡ ಕೋಳಿಗೆ 40ರ ಹತ್ರ. ನಾವು ಕೊಡ್ತಿದ್ದದ್ದು 550. ಕೋಳಿ ಕೊಕ್ಕು ತಾಗಿಸಿದ ಕೂಡ್ಲೆ ಚಿಮ್ಮಿ, ಬಾಯಿಗೆ ಹೋದದ್ದಕ್ಕಿಂತ ಕೆಳಗೆ ಬಿದ್ದದ್ದೇ ಜಾಸ್ತಿ, ಕೊಕ್ಕು ತೆಗೆದ ಮೇಲೂ ತೊಟ್ಟಿಕ್ಕಿಕೊಂಡೇ ಇರೋದು.

ಅಳೆಯುವ ಸುಲಭ ದಾರಿ ಉಂಟು. ಅಮ್ಮನ ಮದ್ದಿನ ಅಳತೆ ಗ್ಲಾಸ್ ನಿಪ್ಪಲಿನ ಅಡಿಗೆ ಹಿಡಿದು, ಪಿನ್ ಒತ್ತಿ ಒಂದು ನಿಮಿಷ ಬಿಡೋದು. ಎಷ್ಟು ಬರಬೇಕು ಅನ್ನೋದಕ್ಕೆ ಫಾರ್ಮಿನವರ ಒಂದು ಅಂದಾಜು ಲೆಕ್ಕ ಉಂಟು, ಕೋಳಿಯ ವಯಸ್ಸು ವಾರದಲ್ಲಿ ಎಷ್ಟೋ ಅದನ್ನು 7ರಿಂದ ಗುಣಿಸಿ 20 ಸೇರಿಸೋದು. ನಾಲ್ಕು ವಾರದ ಕೋಳಿಗೆ 48 ಮಿಲಿ. ನಮ್ಮದರಲ್ಲಿ ಬಂದದ್ದು 130.

ಸೆಪ್ಟೆಂಬರ್ ಗ್ಯಾಪಲ್ಲಿ ಇದನ್ನೇ ಹಿಡ್ಕೊಂಡೆ. ಪೇಟೆಯಲ್ಲಿ ಕೇಳಿದಾಗ ಪ್ರೆಶರ್ ರೆಗ್ಯುಲೇಟರ್ ತರಿಸ್ಬಹುದು ಅಂದ್ರು, ಆದ್ರೆ ಸುರಂಗದ ನೀರಿನ ಕೆಂಪು ಮಣ್ಣಿನ ಕೆಸರು ಅದ್ರಲ್ಲಿ ಕಟ್ಟಿಕೊಳ್ತದೆ ಅಂತ ಪೈಪ್ ಕೆಲಸದ ಇನ್ನೊಬ್ರು ಹೇಳಿದ್ರು, ನನಗೂ ಹಾಗೇ ಕಂಡಿತು. ಅದಕ್ಕೆ ಒತ್ತಡವನ್ನೇ ಮುರಿಯುವ ದಾರಿ ಮಾಡಿದೆ. 20 ಲೀಟರಿನ ಪೈಂಟ್ ಬಕೆಟ್ ಎರಡು, ಒಂದೊಂದು ಲೈನಿಗೆ ಒಂದೊಂದು. ಬಕೆಟ್ ಮೇಲ್ಭಾಗಕ್ಕೆ ಅರ್ಧ ಇಂಚಿನ ಫ್ಲೋಟ್ ವಾಲ್ವ್, ಕಕ್ಕಸಿನ ಫ್ಲಶ್ ಟ್ಯಾಂಕಲ್ಲಿ ಇರುವಂಥದ್ದೇ. ಟ್ಯಾಂಕಿಯ ನೀರು ಬಕೆಟಿಗೆ ಬೀಳ್ತದೆ, ತುಂಬಿದ ಕೂಡ್ಲೆ ನಿಲ್ತದೆ, ಬಕೆಟಿನಿಂದ ನಿಪ್ಪಲ್ ಲೈನಿಗೆ ಹೋಗೋದು ಆ ಬಕೆಟಿನ ಎತ್ತರದ ಒತ್ತಡ ಮಾತ್ರ. ಟ್ಯಾಂಕಿ ಹದಿನೆಂಟಡಿ ಮೇಲಿದ್ರೇನು, ಎಂಬತ್ತಡಿ ಮೇಲಿದ್ರೇನು. ಕೋಳಿ ದೊಡ್ಡದಾದ ಹಾಗೆ ನಿಪ್ಪಲ್ ಲೈನನ್ನೂ ಏರಿಸ್ಬೇಕು, ಒತ್ತಡವನ್ನೂ ಏರಿಸ್ಬೇಕು, ಅದಕ್ಕೆ ಬಕೆಟನ್ನು ಪಕಾಸಿಗೆ ರಾಟೆ ಹಾಕಿ ಹಗ್ಗದಲ್ಲಿ ತೂಗು ಹಾಕಿದೆ, ಒಳಗೆ ಬರುವ ಹೊರಗೆ ಹೋಗುವ ಎರಡೂ ಪೈಪು ಬಗ್ಗುವ ಹೋಸು. ಹಗ್ಗಕ್ಕೆ ವಾರಕ್ಕೊಂದು ಗಂಟು ಗುರ್ತು. ಮೊದಲೇ ಒಂದು ಬಟ್ಟೆ ಫಿಲ್ಟರ್, ದಿನಾ ತೊಳೆಯೋದು. ಫ್ಲೋಟ್, ಹೋಸು, ರಾಟೆ, ಫಿಟ್ಟಿಂಗ್ ಎಲ್ಲ ಸೇರಿ 2300 ರೂಪಾಯಿ ಚಿಲ್ಲರೆ ಆಯ್ತು, ಬಕೆಟ್ ಮನೆಯಲ್ಲಿದ್ದದ್ದೇ.

ಇಲ್ಲಿ ಆದ ಒಂದು ದುಃಖದ ವಿಷಯ ಬರೀಲೇಬೇಕು, ಬೇರೆಯವರು ಇದನ್ನು ಮಾಡುವಾಗ ಹಾಗಾಗ್ಬಾರ್ದು. ಎರಡನೇ ಬ್ಯಾಚ್ ಬಂದ ಮರುದಿನ ರಾತ್ರಿ ಮರಿಗಳೆಲ್ಲ ಬಕೆಟ್ ಇರುವ ಬದಿಗೇ ಒತ್ತಿಕೊಂಡು ನಿಂತಿದ್ದವು. ಚಳಿ ಅಂತ ಮರಿಗೆ ಬಿಸಿ ಕೊಡುವ ಬ್ರೂಡರಿಗೆ ಇನ್ನೊಂದು ಬಲ್ಬ್ ಹಾಕಿದೆ. ಬೆಳಿಗ್ಗೆ ನೋಡಿದ್ರೆ ಆಚೆ ಕೊನೆಯಲ್ಲಿ 9 ಮರಿ ಸತ್ತಿವೆ. ಅಮ್ಮ ಒಂದು ಮರಿಯ ಕುತ್ತಿಗೆ ಬುಡದ ಚೀಲ ಮುಟ್ಟಿ ನೋಡಿದ್ರು, ಕಲ್ಲಿನ ಹಾಗೆ ಗಟ್ಟಿ. ಫೀಡೂ ನೀರೂ ಸರಿ ಸಿಕ್ಕಿದ ಮರಿಯದ್ದು ಗಂಜಿ ತುಂಬಿದ ಹಾಗೆ ಮೆತ್ತಗೆ ಇರ್ತದೆ, ಗಟ್ಟಿ ಇದ್ರೆ ಫೀಡ್ ತಿಂದಿದೆ ನೀರು ಸಿಕ್ಕಿಲ್ಲ ಅಂತ ಅರ್ಥ. ಆಚೆ ಕೊನೆಯ ನಿಪ್ಪಲ್ ಒತ್ತಿ ನೋಡಿದೆ, ಒಂದು ಹನಿ ಇಲ್ಲ.

ಕಾರಣ ಪೈಪು ಲೆವೆಲ್ ಇರ್ಲಿಲ್ಲ. ಮೊದಲು ಅಷ್ಟು ಒತ್ತಡ ಇದ್ದಾಗ ಪೈಪು ಎಲ್ಲಿ ಏರಿದ್ರೂ ಇಳಿದ್ರೂ ನೀರು ನುಗ್ಗಿ ಹೋಗ್ತಿತ್ತು, ಈಗ ಇರೋದೇ 12 ಸೆಂಟಿಮೀಟರಿನ ಒತ್ತಡ, ಮಧ್ಯದಲ್ಲಿ ಒಂದು ಕಡೆ ಪೈಪು ಮೂರು ಇಂಚು ಉಬ್ಬಿತ್ತು, ಅಲ್ಲಿ ಗಾಳಿ ಕಟ್ಟಿ ಮುಂದೆ ನೀರೇ ಇಲ್ಲ. ಅವತ್ತೇ ಹಳೆಯ ಡ್ರಿಂಕರ್ ತಟ್ಟೆ ಇಟ್ಟು ಮರಿಗಳಿಗೆ ನೀರು ಕೊಟ್ಟು, ಮೇಸ್ತ್ರಿಗಳು ಲೆವೆಲ್ ಹಿಡಿಯುವ ನೀರಿನ ಟ್ಯೂಬ್ ತಂದು ಹತ್ತತ್ತು ಅಡಿಗೆ ನೋಡಿ ಪೈಪು ಕಟ್ಟಿದೆ. ಲೈನಿನ ಕೊನೆಗೆ ಒಂದು ತುಂಡು ಪಾರದರ್ಶಕ ಟ್ಯೂಬನ್ನು ನೆಟ್ಟಗೆ ನಿಲ್ಲಿಸಿ ಬಾಯಿ ತೆರೆದೇ ಬಿಟ್ಟೆ. ಗಾಳಿ ಅದ್ರಿಂದ ಹೊರಗೆ ಹೋಗ್ತದೆ, ಮತ್ತೆ ಅದ್ರಲ್ಲಿ ನೀರು ಎಷ್ಟು ಎತ್ತರ ನಿಂತಿದೆ ಅಂತ ದೂರದಿಂದಲೇ ಕಾಣ್ತದೆ, ಆ ಎತ್ತರವೇ ಕೊನೆಯ ನಿಪ್ಪಲಿನ ಒತ್ತಡ. ಮೂವತ್ತು ರೂಪಾಯಿಯ ಟ್ಯೂಬು. ಅದನ್ನು ಒಂದು ದಿನ ಮೊದಲು ಹಾಕಿದ್ರೆ ಆ 9 ಮರಿ ಬದುಕ್ತಿದ್ದವು.

ಆ ಬ್ಯಾಚಿನ 28ನೇ ದಿವಸದ ಕಾಲು ಲೆಕ್ಕ ನೂರರಲ್ಲಿ 38. ಹಾಸನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ ಬಿಟ್ರೆ ಸ್ವಲ್ಪ ಅಂಟಿಕೊಂಡು ಮತ್ತೆ ಒಡೆದು ಬೀಳ್ಬೇಕು, ಉಂಡೆಯಾಗಿಯೇ ಉಳಿದ್ರೆ ಒದ್ದೆ ಜಾಸ್ತಿ, ಅಂಟದೇ ಇದ್ರೆ ತೀರಾ ಒಣಗಿ ಧೂಳು ಏಳ್ತದೆ ಅಂತ ಲೆಕ್ಕ. ನಿಪ್ಪಲಿನ ಅಡಿಯದ್ದು ಈಗ ಒಡೆದು ಬೀಳ್ತಿತ್ತು.

ನವೆಂಬರ್ ಗ್ಯಾಪಲ್ಲಿ ಪರದೆ. ನಮ್ಮ ಕಡೆ ಹೆಚ್ಚಿನವರು ಪರದೆಯನ್ನು ಮಾಡಿನ ಬುಡಕ್ಕೆ ಕಟ್ಟಿ ಕೆಳಗಿನಿಂದ ಮೇಲಕ್ಕೆ ಸುತ್ತೋದು, ನಮ್ಮದೂ ಹಾಗೇ ಇತ್ತು. ಅರ್ಧ ಎತ್ತಿದ್ರೆ ಗಾಳಿ ಎಲ್ಲಿ ಬರ್ತದೆ ನೋಡಿ, ನೇರ ಮರಿಯ ಮೈಗೆ. ಮೇಲೆ ಸೇರಿದ ಬಿಸಿ ಗಾಳಿ, ಅಮೋನಿಯ, ನೀರಾವಿ ಅಲ್ಲೇ ಉಳೀತದೆ. ಮರಿಗೆ ಚಳಿ ಅಂತ ಪೂರ್ತಿ ಇಳಿಸಿದ್ರೆ ಗಾಳಿಯೇ ಇಲ್ಲ. ಅದನ್ನು ತಲೆಕೆಳಗು ಮಾಡಿದೆ: ಪರದೆಯ ಕೆಳ ಅಂಚನ್ನು ಕೆಂಪುಕಲ್ಲಿನ ಗೋಡೆಗೆ ರೀಪು ಹೊಡೆದು ಗಟ್ಟಿ ಮಾಡಿ, ಮೇಲಿನ ಅಂಚಿಗೆ ಜಿಐ ಪೈಪು ಹಾಕಿ, ಹತ್ತಡಿಗೊಂದು ರಾಟೆ, ಎಲ್ಲ ಹಗ್ಗ ಒಂದೇ ಕೈ ವಿಂಚಿಗೆ. ಈಗ ಪರದೆ ಮೇಲಿಂದ ಕೆಳಗೆ ತೆರೀತದೆ, ಮೊದಲ ವಾರ ಮೇಲೆ ಒಂದು ಗೇಣು ಮಾತ್ರ, ಕೋಳಿ ಬೆಳೆದ ಹಾಗೆ ಕೆಳಗೆ ಕೆಳಗೆ. ಮಳೆ ಎರಚದ ಹಾಗೆ ಮಾಡನ್ನು ಎರಡೂ ಬದಿ ಮೂರಡಿ ಉದ್ದ ಮಾಡ್ಬೇಕಾಯ್ತು, ಹಣ ಹೋದದ್ದು ಅದಕ್ಕೇ. ಹಾಸು ಕೆದಕುವಾಗ ಪರದೆ ಪೂರ್ತಿ ಇಳಿಸಿ, ಅಂದ್ರೆ ತೆರೆದೇ ಕೆದಕೋದು, ಕೆದಕಿದಾಗ ಅಡಿಯಲ್ಲಿದ್ದ ಅಮೋನಿಯ ಏಳ್ತದೆ, ಅದಕ್ಕೆ ಹೋಗ್ಲಿಕ್ಕೆ ದಾರಿ ಬೇಕು.

ಟರ್ಪಾಲು ನೀಲಿ ಇದ್ದ ಕಾರಣ ಮಳೆಗಾಲದ ಹಗಲಲ್ಲೂ ಒಳಗೆ ಕತ್ತಲು. ಫೋನಿನ ಲೈಟ್ ಮೀಟರ್ ಆಪಲ್ಲಿ ಕೋಳಿಯ ತಲೆ ಎತ್ತರಕ್ಕೆ ಹಿಡಿದು ನೋಡಿದಾಗ 12 ಲಕ್ಸ್ (ಬೆಳಕಿನ ಅಳತೆ), ಅಂದಾಜು ಅಷ್ಟೇ ಅದು. ಬಿಳಿ ಟರ್ಪಾಲು ಹಾಕಿ, ಮಾಡಿನ ಉತ್ತರ ಬದಿಗೆ ಮಾತ್ರ ಆರು ಹಾಲುಬಿಳಿ ಶೀಟ್ ಹಾಕಿದ ಮೇಲೆ 60 ದಾಟಿತು. ದಕ್ಷಿಣಕ್ಕೆ ಹಾಕಿದ್ರೆ ಬಿಸಿಲು ನೇರ ಬಿದ್ದು ಆ ಜಾಗ ಬಿಟ್ಟು ಕೋಳಿ ಓಡ್ತವೆ.

ಈ 60 ಯಾಕೆ ಅಂತ ಕೇಳ್ಬಹುದು. ರಾತ್ರಿ ಓದ್ತಾ ಇದ್ದೆ, ಮಾಂಸದ ಕೋಳಿಗೆ ಬೇರೆ ಕಡೆ ಎಂತ ನಿಯಮ ಉಂಟು ಅಂತ. ಯುರೋಪ್ ಒಕ್ಕೂಟದ 2007ರ ನಿರ್ದೇಶನದಲ್ಲಿ ಕನಿಷ್ಠ 20 ಲಕ್ಸ್ ಬೆಳಕು, ದಿನಕ್ಕೆ 6 ಗಂಟೆ ಕತ್ತಲು, ಅದ್ರಲ್ಲಿ 4 ಗಂಟೆ ಒಂದೇ ಸಮನೆ. ಒಂದು ಚದರ ಮೀಟರಿಗೆ 33 ಕಿಲೋ ಕೋಳಿ, ಗಾಳಿಯ ವ್ಯವಸ್ಥೆಯ ಕಟ್ಟುನಿಟ್ಟು ಪಾಲಿಸಿದ್ರೆ 39, ಅದಕ್ಕೂ ಮೇಲೆ ಸಾವು ಕಡಿಮೆ ಇದ್ರೆ 42ರವರೆಗೆ ಬಿಡ್ತಾರೆ. 33ರ ಮೇಲೆ ಹೋಗುವವರಿಗೆ ಅಮೋನಿಯ 20 ಪಿಪಿಎಂ ದಾಟ್ಬಾರ್ದು. 2017ರಲ್ಲಿ ಅಲ್ಲಿನ ಪ್ರಾಣಿ ದಯಾ ಸಂಘಟನೆಗಳು ಸೇರಿ ಯುರೋಪಿಯನ್ ಚಿಕನ್ ಕಮಿಟ್‌ಮೆಂಟ್ ಅಂತ ಮಾಡಿದ್ದು ಇದಕ್ಕಿಂತ ಬಿಗಿ, 30 ಕಿಲೋ ಮಿತಿ, 50 ಲಕ್ಸ್, ಸಾವಿರ ಕೋಳಿಗೆ 2 ಮೀಟರ್ ಕೂರುವ ಅಟ್ಟಣೆ ಮತ್ತೆ ಕುಕ್ಕಲಿಕ್ಕೆ ಎರಡು ವಸ್ತು, ನಿಧಾನ ಬೆಳೆಯುವ ತಳಿ. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಉಂಟು, 2017ರಲ್ಲಿ ಕಾನೂನು ಆಯೋಗದ 269ನೇ ವರದಿ ಮೊಟ್ಟೆ ಕೋಳಿ ಮತ್ತೆ ಬ್ರಾಯ್ಲರ್ ಸಾಕಣೆಯ ಬಗ್ಗೆಯೇ ಬಂತು.

ಅದನ್ನು ಓದಿ ನಮ್ಮ ಶೆಡ್ಡಿನ ಲೆಕ್ಕ ಹಾಕಿದೆ. 2000 ಚದರ ಅಡಿ ಅಂದ್ರೆ 186 ಚದರ ಮೀಟರ್. ಆಟಿಯ ಬ್ಯಾಚಲ್ಲಿ ಲಿಫ್ಟಿಂಗ್ ಹೊತ್ತಿಗೆ 4250 ಕಿಲೋ ಕೋಳಿ, ಅಂದ್ರೆ ಮೀಟರಿಗೆ 23 ಕಿಲೋ ಕೂಡ ಆಗೋದಿಲ್ಲ. ಕಾಗದದಲ್ಲಿ ನಾವು ಯುರೋಪಿಗಿಂತ ಎಷ್ಟೋ ಒಳ್ಳೆಯವರು, ಆದ್ರೆ ನೂರರಲ್ಲಿ 71 ಕೋಳಿಯ ಪಾದ ಸುಟ್ಟಿದೆ. ಇದು ಹೇಗೆ ಅಂತ ಎರಡು ದಿನ ತಲೆಯಲ್ಲಿ ಕೂತಿತ್ತು. ಮತ್ತೆ ಹೊಳೀತು, ನಿಪ್ಪಲ್ ಅಡಿಯ ಒದ್ದೆ ಪಟ್ಟಿಗಳು ಶೆಡ್ಡಿನ ಮೂರರಲ್ಲಿ ಒಂದು ಭಾಗ ತಿಂದಿದ್ದವು. ಅದನ್ನು ಕಳೆದ್ರೆ ಕೋಳಿಗೆ ಸಿಕ್ಕಿದ ಒಣ ನೆಲ 124 ಚದರ ಮೀಟರ್, ಅದಕ್ಕೆ ಲೆಕ್ಕ ಹಾಕಿದ್ರೆ ಮೀಟರಿಗೆ 34 ಕಿಲೋ. ಕಂಪೆನಿಯ ಸೂಪರ್‌ವೈಸರ್ ಶೆಡ್ಡಿನ ಗೋಡೆಯಿಂದ ಗೋಡೆಗೆ ಅಳೀತಾರೆ, ಕೋಳಿ ಒಣಗಿದ ನೆಲ ಮಾತ್ರ ಅಳೀತದೆ. ಎಣ್ಮಕಜೆಯ ನಮಗೆ ಇದು ಬೇಗ ಅರ್ಥ ಆಗ್ಬೇಕಿತ್ತು, ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಬಿಟ್ಟ ಕಾಲ ನೋಡಿದ ಊರು ನಮ್ಮದು, ಕಾಗದದಲ್ಲಿ ಸರಿ ಇದ್ದದ್ದು ಮೈಮೇಲೆ ಸರಿ ಇರ್ಬೇಕು ಅಂತಿಲ್ಲ.

ಹಾಗಾಗಿ ಮೂರನೇ ಬ್ಯಾಚಿಗೆ ಮರಿಯೇ ಕಡಿಮೆ ಮಾಡಿ ಅಂತ ಕೇಳಿದೆ, 1750 ಸಾಕು ಅಂತ. ಸೂಪರ್‌ವೈಸರಿಗೆ ಇಷ್ಟ ಆಗ್ಲಿಲ್ಲ, ಲಾರಿ ಲೋಡ್ ಲೆಕ್ಕ ತಪ್ತದೆ ಅಂದ್ರು, ಅಮ್ಮ "ಒಂದು ಬ್ಯಾಚ್ ನೋಡುವ ಸಾರ್, ನಷ್ಟ ಬಂದ್ರೆ ಮತ್ತೆ ಮೊದಲಿನ ಹಾಗೆ" ಅಂತ ಒಪ್ಪಿಸಿದ್ರು. ಫಲಿತಾಂಶ ಹೇಳ್ತೇನೆ, ಎಲ್ಲರೂ ಕೇಳೋದು ಅದನ್ನೇ. ಆಟಿಯ ಬ್ಯಾಚಲ್ಲಿ 2200ರಲ್ಲಿ 176 ಸತ್ತು ಸರಾಸರಿ 2.1 ಕಿಲೋ ಬಂದದ್ದು, ಮೂರನೇ ಬ್ಯಾಚಲ್ಲಿ 1750ರಲ್ಲಿ 61 ಸತ್ತು 2.3 ಕಿಲೋ. ಒಟ್ಟು ತೂಕ ಕಡಿಮೆ, ಆದ್ರೆ ಫೀಡ್ ಖರ್ಚು ಕಡಿಮೆ ಬಿದ್ದು ಎಫ್‌ಸಿಆರ್ (ಒಂದು ಕಿಲೋ ತೂಕಕ್ಕೆ ಎಷ್ಟು ಕಿಲೋ ಫೀಡ್ ಅನ್ನೋ ಲೆಕ್ಕ) ಚೆನ್ನಾಗಿ ಬಂದ ಕಾರಣ ಕಿಲೋ ಮೇಲೆ ಸಿಗುವ ಚಾರ್ಜ್ ಏರಿತು, ಕೈಗೆ ಬಂದ ಹಣ ನಾಲ್ಕು ಸಾವಿರ ಜಾಸ್ತಿಯೇ. ಡಿಸೆಂಬರ್ ಚಳಿಯ ಬ್ಯಾಚ್ ಅದು, ಆಟಿಗೆ ಹೋಲಿಸೋದು ಪೂರ್ತಿ ನ್ಯಾಯ ಅಲ್ಲ, ಅದೂ ಹೇಳ್ಬೇಕು. ಕಾಲು ಲೆಕ್ಕ 14.

ಅದೇ ಬ್ಯಾಚಿಂದ ರಾತ್ರಿ ಲೈಟು ಆಫ್ ಮಾಡ್ಲಿಕ್ಕೆ ಶುರು ಮಾಡಿದೆವು. ಮೊದಲು ರಾತ್ರಿ ಇಡೀ ಲೈಟು, ತಿಂತಾ ಇರ್ಲಿ ಅಂತ. ಮರಿಗೆ ಒಂದು ವಾರ ಆದ ಮೇಲೆ ರಾತ್ರಿ ಹತ್ತೂವರೆಗೆ ಒಂದು ಸಾಲು, ಮುಕ್ಕಾಲಿಗೆ ಇನ್ನೊಂದು, ಹನ್ನೊಂದಕ್ಕೆ ಕೊನೆಯದ್ದು ಆಫ್, ಮೂರು ಟೈಮರ್. ಒಂದೇ ಸಲ ಕತ್ತಲು ಮಾಡಿದ್ರೆ ಹೆದರಿ ಮೂಲೆಗೆ ಒತ್ತಿ ಒಂದರ ಮೇಲೊಂದು ಬೀಳ್ತವೆ. ಬೆಳಿಗ್ಗೆ ಲೈಟು ಹಾಕೋದೇ ಇಲ್ಲ, ಬಿಳಿ ಪರದೆಯಲ್ಲಿ ಬೆಳಕು ನಿಧಾನ ಏರ್ತದೆ, ಅವೂ ನಿಧಾನ ಏಳ್ತವೆ. ಮೊದಲ ರಾತ್ರಿ ಹನ್ನೆರಡು ಗಂಟೆಗೆ ಹೋಗಿ ಹೊರಗೆ ನಿಂತೆ. ಆ ಶೆಡ್ಡು ಅಷ್ಟು ಮೌನ ಇದ್ದದ್ದು ನಾನು ಕೇಳಿದ್ದೇ ಇಲ್ಲ. ಅಮ್ಮನಿಗೂ ಆ ಮೌನ ಕೇಳಿ ನಿದ್ದೆ ಬರ್ಲಿಲ್ಲ, ಎದ್ದು ಬಂದು "ಎಲ್ಲ ಸರಿ ಉಂಟಲ್ವಾ" ಅಂತ ಕೇಳಿದ್ರು.

ಅಟ್ಟಣೆಯ ವಿಷಯದಲ್ಲಿ ಒಂದು ಸಲ ಸೋತೆ. ಮೊದಲು ಪಿವಿಸಿ ಪೈಪನ್ನು ಎಂಟು ಇಂಚು ಎತ್ತರಕ್ಕೆ ಅಡ್ಡ ಕಟ್ಟಿದೆ, ನಾಟಿ ಕೋಳಿ ಕೂತ ಹಾಗೆ ಕೂರ್ತವೆ ಅಂತ. ಎರಡು ವಾರ ಹತ್ತಿದವು, ಮೂರನೇ ವಾರದಿಂದ ಒಂದೂ ಇಲ್ಲ, ಎದೆ ಭಾರ, ದುಂಡು ಪೈಪಿನ ಮೇಲೆ ಮೈ ನಿಲ್ಲೋದಿಲ್ಲ. ಅದನ್ನು ಕಿತ್ತು ಅಡಿಕೆ ಮರದ ದಬ್ಬೆಯಲ್ಲಿ ನಾಲ್ಕಡಿ ಎರಡಡಿಯ ತಟ್ಟಿ ಮಾಡಿದೆ, ಆರು ಇಂಚು ಎತ್ತರ, ಎರಡು ಬದಿಗೂ ಹತ್ತಲಿಕ್ಕೆ ಇಳಿಜಾರು. ಚಕ್ಕೆ ಏಳದ ಹಾಗೆ ಮರಳು ಕಾಗದ ತಿಕ್ಕಿದ್ದು ಅಮ್ಮ. ಆರು ತಟ್ಟಿ ಇಟ್ಟೆ, ಮೊದಲ ದಿನವೇ ತುಂಬಿತು, 35 ದಿವಸದ ಕೋಳಿಯೂ ಹತ್ತಿ ಕೂರ್ತದೆ. ತಟ್ಟಿಯ ಅಡಿಯ ಹಾಸು ಒದ್ದೆ ಆಗ್ತದೆ, ಎರಡು ದಿನಕ್ಕೊಮ್ಮೆ ಜಾಗ ಬದಲಿಸ್ಬೇಕು. ಕುಕ್ಕಲಿಕ್ಕೆ ಬೈಹುಲ್ಲಿನ ಕಟ್ಟು ಇಡ್ತೇವೆ, ಮಳೆಗಾಲದಲ್ಲಿ ಮಾತ್ರ ಇಲ್ಲ, ಬೂಸ್ಟು ಹಿಡಿದ ಹುಲ್ಲಿನಿಂದ ಮರಿಗಳಿಗೆ ಶ್ವಾಸದ ಕಾಯಿಲೆ ಬರ್ತದೆ. ಆಗ ಒಣಗಿದ ಅಡಿಕೆ ಹಾಳೆ ಹರಿದು ಹಾಕೋದು, ಅದನ್ನೂ ಸಂಜೆ ಒಳಗೆ ಚಿಂದಿ ಮಾಡ್ತವೆ.

ಮಾರ್ಚ್-ಏಪ್ರಿಲ್ ಬ್ಯಾಚಲ್ಲಿ ಸೆಕೆ. ಕೋಳಿಗೆ ಬೆವರುವ ಗ್ರಂಥಿ ಇಲ್ಲ, ಬಾಯಿ ತೆರೆದು ಏದುಸಿರು ಬಿಟ್ಟು, ಅದ್ರಲ್ಲಿ ನೀರಾವಿ ಹೋಗಿಯೇ ಮೈ ತಣ್ಣಗಾಗ್ಬೇಕು. ನೀರನ್ನು ಮಂಜಿನ ಹಾಗೆ ಬಿಡುವ ಫಾಗರ್ ಹಾಕಿ ಅಂತ ಹೇಳ್ತಾರೆ, ಬಯಲುಸೀಮೆಯ ಒಣ ಗಾಳಿಗೆ ಅದು ಸರಿ, ನಮ್ಮ ಕರಾವಳಿಯ ಗಾಳಿಯಲ್ಲಿ ಮೊದಲೇ ನೀರು ತುಂಬಿದೆ, ಫಾಗರಿನ ನೀರು ಆವಿ ಆಗೋದಿಲ್ಲ, ಹಾಸು ಒದ್ದೆ ಆಗ್ತದೆ ಅಷ್ಟೇ. ಶೀಟಿನ ಮೇಲೆ ನೀರು ಬಿಡುವ ಅಂದ್ರೆ ಏಪ್ರಿಲಲ್ಲಿ ಸುರಂಗದ ನೀರು ಬೆರಳು ದಪ್ಪಕ್ಕೆ ಇಳಿದಿರ್ತದೆ, ಕುಡೀಲಿಕ್ಕೆ ಬೇಕು. ಕೊನೆಗೆ ಶೀಟಿಗೆ ಸುಣ್ಣ ಬಳಿದು ಅದ್ರ ಮೇಲೆ ಅಡಿಕೆ ಸೋಗೆ, ತೆಂಗಿನ ಮಡಲು ದಪ್ಪಕ್ಕೆ ಹೊದಿಸಿದೆ. ಒಂದು ಬದಿ ಹೊದಿಸಿ ಒಂದು ಬದಿ ಬಿಟ್ಟು ಮಧ್ಯಾಹ್ನ ಎರಡು ಗಂಟೆಗೆ ಥರ್ಮಾಮೀಟರ್ ಇಟ್ಟಾಗ 38.5 ಮತ್ತೆ 34.5, ನಾಲ್ಕು ಡಿಗ್ರಿ. ಎರಡು ಫ್ಯಾನ್ ನೆಲಕ್ಕೆ ಸಮ ಬೀಸುವ ಹಾಗೆ. ಆಗ ಕತ್ತಲಿನ ಹೊತ್ತನ್ನೂ ಬದಲಿಸಿದೆ, ರಾತ್ರಿ 9ರಿಂದ 3, ಬೆಳಗಿನ ಜಾವ ತಂಪಿಗೆ ಎದ್ದು ತಿನ್ಲಿ ಅಂತ. ಕಾಲು ಲೆಕ್ಕ 9.

ಐದನೆಯದ್ದು ಈಗಿನ ಬ್ಯಾಚ್, ಪತ್ತನಾಜೆ (ಮೇ ಕೊನೆಯ ಹೊತ್ತು) ಕಳೆದು ಬಂದ ಮರಿ, ಪುನಃ ಮಳೆ. ನಿಜವಾದ ಪರೀಕ್ಷೆ ಇದೇ. ಮೊನ್ನೆ 28ನೇ ದಿವಸ ನೋಡಿದೆವು, 17. ಅದ್ರಲ್ಲಿ ದೊಡ್ಡ ಹಕ್ಕಳೆ ಮೂರರದ್ದು, ಬಾಕಿ ಎಲ್ಲ ಸಾಸಿವೆಯಷ್ಟು ಕಲೆ.

ಆದ್ರೆ ಕಾಲು ಎಳೆಯುವ ಕೋಳಿ ಈ ಸಲವೂ 11 ಇವೆ. ಪಾದ ಸ್ವಚ್ಛ ಉಂಟು, ಆದ್ರೂ ನಾಲ್ಕು ಹೆಜ್ಜೆ ಇಟ್ಟು ಕೂತುಬಿಡ್ತವೆ. ಅವನ್ನು ಬೇರೆ ಮಾಡಿ ಒಣ ಹಾಸು ಹಾಕಿ, ಫೀಡು ನೀರು ತಗ್ಗಿಗೆ ಇಟ್ಟಿದ್ದೇವೆ. ಇದು ಪೈಪಿನಿಂದ ಪರದೆಯಿಂದ ಸರಿ ಆಗೋದಲ್ಲ, ತಳಿಯದ್ದು. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದವರು ಹಳೆಯ ತಳಿ ಹೊಸ ತಳಿ ಒಟ್ಟಿಗೆ, ಒಂದೇ ಫೀಡ್ ಹಾಕಿ ಸಾಕಿ 2014ರಲ್ಲಿ ಬರೆದಿದ್ದಾರೆ, 56 ದಿವಸಕ್ಕೆ 1957ರ ತಳಿ 905 ಗ್ರಾಂ, 1978ರದ್ದು 1808 ಗ್ರಾಂ, 2005ರದ್ದು 4202 ಗ್ರಾಂ. ನಾಲ್ಕು ಪಟ್ಟಿಗಿಂತ ಜಾಸ್ತಿ ಮೈಯನ್ನು ಅಷ್ಟೇ ದಿನದ ಎಲುಬು ಹೊರಬೇಕು. ಬೆಂಗಳೂರಿನ ಗಿರಿರಾಜ, ಹೈದರಾಬಾದಿನ ವನರಾಜ ಇಂಥ ನಿಧಾನ ತಳಿ ನಮ್ಮಲ್ಲೂ ಉಂಟು, ಆದ್ರೆ ಇಂಟಿಗ್ರೇಷನಲ್ಲಿ ಯಾವ ಮರಿ ಬರ್ಬೇಕು ಅಂತ ಹೇಳುವ ಹಕ್ಕು ಸಾಕುವವರಿಗಿಲ್ಲ. ಸೂಪರ್‌ವೈಸರ್ ಹತ್ರ ಕೇಳಿದ್ದೇನೆ, ನಮ್ಮ ಹತ್ರದ ನಾಲ್ಕು ಫಾರ್ಮಿನವರೂ ಒಟ್ಟಿಗೆ ಬರೆದು ಕೊಡುವ ಅಂತ ಮಾತಾಡ್ತಾ ಇದ್ದೇವೆ.

ಇನ್ನೊಂದು ಬಾಕಿ ಇರೋದು ಲಿಫ್ಟಿಂಗ್. ಐದು ವಾರ ಕಾಲನ್ನು ಇಷ್ಟು ಜೋಪಾನ ಮಾಡಿ, ಕೊನೆಯ ರಾತ್ರಿ ಒಂದೊಂದು ಕೈಯಲ್ಲಿ ಐದೈದು ಕೋಳಿಯನ್ನು ಒಂದೇ ಕಾಲಲ್ಲಿ ತಲೆಕೆಳಗು ಹಿಡಿದು ಓಡ್ತಾರೆ, ಗಂಟು ತಪ್ತದೆ, ರೆಕ್ಕೆ ಮುರೀತದೆ. ಹಿಡಿಯುವ ಹುಡುಗರದ್ದು ತಪ್ಪು ಅಂತಲ್ಲ, ಅವರಿಗೆ ಕೋಳಿ ಲೆಕ್ಕದಲ್ಲಿ ಕೂಲಿ, ಬೆಳಗಾಗುವ ಮೊದಲು ಇನ್ನೊಂದು ಶೆಡ್ಡಿಗೆ ಹೋಗ್ಬೇಕು. ಕಳೆದ ಸಲ ಕ್ರೇಟನ್ನು ಲಾರಿಯಿಂದ ಇಳಿಸಿ ಶೆಡ್ಡಿನ ಒಳಗೇ ತಂದುಕೊಟ್ಟೆವು, ಓಡುವ ದೂರ ಇಲ್ಲ, ಕೋಳಿಯನ್ನು ಎರಡು ಕೈಯಲ್ಲಿ ರೆಕ್ಕೆ ಒತ್ತಿ ಹಿಡಿದು ಹಾಕ್ಬೇಕು ಅಂತ ಹೇಳಿ 500 ರೂಪಾಯಿ ಜಾಸ್ತಿ ಕೊಟ್ಟೆ. ಅರ್ಧ ಶೆಡ್ಡು ಹಾಗೇ ಮಾಡಿದ್ರು, ಮೂರು ಗಂಟೆ ದಾಟಿದ ಮೇಲೆ ಪುನಃ ಹಳೆಯ ಹಾಗೆ. ಹೊತ್ತು ಸಾಲೋದಿಲ್ಲ ಅಂತ ಆಯ್ತು. ಈ ಸಲ ಹತ್ತು ಗಂಟೆಗೇ ಬರ್ಲಿಕ್ಕೆ ಹೇಳಿದ್ದೇವೆ, ಭಾವ ಮತ್ತೆ ಅವರ ಇಬ್ಬರು ಸ್ನೇಹಿತರು ಕ್ರೇಟ್ ಹೊರ್ಲಿಕ್ಕೆ ಬರ್ತಾರೆ, ಲೈಟಿಗೆ ನೀಲಿ ಬಲ್ಬ್ ಎರಡು ತಂದಿಟ್ಟಿದ್ದೇನೆ, ನೀಲಿ ಬೆಳಕಲ್ಲಿ ಕೋಳಿಯ ಗಲಾಟೆ ಕಡಿಮೆ. ಬರುವ ಗುರುವಾರ ರಾತ್ರಿ ಲಿಫ್ಟಿಂಗ್. ಅಷ್ಟರೊಳಗೆ ಬಡಗು ಬದಿಯ ಬಕೆಟಿನ ಫ್ಲೋಟಿಗೆ ಹೊಸ ವಾಷರ್ ಹಾಕ್ಬೇಕು, ನಿನ್ನೆಯಿಂದ ಟ್ಯೂಬಲ್ಲಿ ನೀರು ಎರಡು ಬೆರಳು ಮೇಲೆ ಕಾಣ್ತಾ ಉಂಟು.